ಐಡ್ಲಿಂಗ್ ಸ್ಕ್ರೂ ಕೊನೆಗೆ: ಹಳೆಯ ಪಿಕಪ್‌ಗಳ ನಡುಕಕ್ಕೆ ಕಾರಣ ಹುಡುಕುವ ಬಗೆ

ಹತ್ತು ಹದಿನೈದು ವರ್ಷ ದುಡಿದ ಪಿಕಪ್ ಗ್ಯಾರೇಜಿಗೆ ಬಂದಾಗ ಚಾಲಕರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ತೆರ. ‘ನಿಂತಾಗ ಗಾಡಿ ನಡುಗುತ್ತೆ’, ‘ಸಿಗ್ನಲ್‌ನಲ್ಲಿ ಆಫ್ ಆಗುತ್ತೆ’, ‘ರೇಸ್ ತಾನಾಗಿಯೇ ಏರುತ್ತೆ, ಇಳಿಯುತ್ತೆ’. ಇವುಗಳ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ‘ಓಡುವಾಗ ಮಾತ್ರ ಏನೂ ತೊಂದರೆ ಇಲ್ಲಣ್ಣ.’ ದಾರಿ ತಪ್ಪಿಸುವುದು ಈ ಮಾತೇ. ಓಡುವಾಗ ಸರಿಯಿದೆ ಎಂದಮೇಲೆ ಎಂಜಿನ್ ಗಟ್ಟಿಯಾಗಿದೆ, ಐಡ್ಲಿಂಗ್ ಒಂದಿಷ್ಟು ಏರಿಸಿದರೆ ಸಾಕು ಎಂದು ಮೆಕ್ಯಾನಿಕ್ ಲಾಕ್‌ನಟ್ ಸಡಿಲಿಸಿ, ಐಡ್ಲಿಂಗ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸುತ್ತಾನೆ. ನಡುಕ ನಿಲ್ಲುತ್ತದೆ. ಮಾಲೀಕ ಹಣ ಕೊಟ್ಟು ಹೋಗುತ್ತಾನೆ. ದೋಷ ಇದ್ದಲ್ಲೇ ಇರುತ್ತದೆ.

ಹಳೆಯ ಡೀಸೆಲ್ ಪಿಕಪ್‌ಗಳ ಐಡ್ಲಿಂಗ್ ತೊಂದರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಐಡ್ಲಿಂಗ್ ಹೊಂದಿಸುವ ಸ್ಕ್ರೂ ತಾನಾಗಿ ಕೆಡುವುದು ಅಪರೂಪ ಎಂಬುದು ತಿಳಿಯುತ್ತದೆ. ತಪ್ಪಿರುವುದು ಟ್ಯಾಂಕಿನಿಂದ ನಾಜಲ್‌ವರೆಗೆ, ಏರ್ ಫಿಲ್ಟರ್‌ನಿಂದ ವಾಲ್ವ್‌ವರೆಗೆ ಇನ್ನೆಲ್ಲೋ. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಮೊದಲು ಹೊರಬೀಳುತ್ತದೆ, ಅಷ್ಟೆ. ವೇಗ ಏರಿಸಿದರೆ ದೋಷದ ಗುರುತು ಅಳಿಯುತ್ತದೆ, ದೋಷ ಅಳಿಯುವುದಿಲ್ಲ. ಹಾಗಾಗಿ ಎಲ್ಲಿಂದ ಹುಡುಕಲು ಆರಂಭಿಸಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಎಂಬ ಕ್ರಮವೇ ಇಲ್ಲಿ ಅರ್ಧ ರಿಪೇರಿ.

ಒಂದು ಹನಿಯ ಏಳನೇ ಭಾಗ

ಐಡ್ಲಿಂಗ್‌ನಲ್ಲೇ ದೋಷ ಏಕೆ ಕಾಣುತ್ತದೆ ಎಂಬುದಕ್ಕೆ ಲೆಕ್ಕವಿದೆ. ಬೊಲೆರೊ ಪಿಕಪ್‌ನ 2,523 ಸಿಸಿಯಂಥ ನಾಲ್ಕು ಸಿಲಿಂಡರ್‌ನ ಡೀಸೆಲ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿ ಸಿಲಿಂಡರ್‌ನಲ್ಲಿ ಎರಡು ಸುತ್ತಿಗೊಮ್ಮೆ ಡೀಸೆಲ್ ಉರಿಯುತ್ತದೆ. ನಾಲ್ಕೂ ಸೇರಿ ನಿಮಿಷಕ್ಕೆ 1,600 ಸಲ, ಗಂಟೆಗೆ 96,000 ಸಲ. ಭಾರವಿಲ್ಲದೆ ನಿಂತಿರುವ ಇಂಥ ಎಂಜಿನ್ ಗಂಟೆಗೆ ಕುಡಿಯುವುದು ಅರ್ಧದಿಂದ ಮುಕ್ಕಾಲು ಲೀಟರ್. ಭಾಗಿಸಿದರೆ ಒಂದು ಸಲಕ್ಕೆ ನಾಜಲ್ ಚಿಮ್ಮಿಸುವ ಡೀಸೆಲ್ 5ರಿಂದ 8 ಘನ ಮಿಲಿಮೀಟರ್ ಎಂದಾಗುತ್ತದೆ. ಸಾಧಾರಣ ನೀರಿನ ಹನಿಯೊಂದು ಸುಮಾರು 50 ಘನ ಮಿಲಿಮೀಟರ್. ಅಂದರೆ ಹನಿಯ ಏಳನೇ ಒಂದು ಭಾಗದಷ್ಟು ಡೀಸೆಲ್‌ನಲ್ಲಿ ಎಂಜಿನ್ ಬದುಕಿರಬೇಕು. ಆ ಏಳನೇ ಭಾಗವೂ ನಾಲ್ಕು ಸಿಲಿಂಡರ್‌ಗೆ ಸಮನಾಗಿ ಬೀಳಬೇಕು.

ತುಂಬಿದ ಲೋಡಿನಲ್ಲಿ ಘಾಟಿ ಹತ್ತುವಾಗ ಇದೇ ನಾಜಲ್ ಇದರ ಐದಾರು ಪಟ್ಟಿಗೂ ಹೆಚ್ಚು ಡೀಸೆಲ್ ಕೊಡುತ್ತದೆ. ಒಂದು ನಾಜಲ್ 2 ಘನ ಮಿಲಿಮೀಟರ್ ಕಡಿಮೆ ಕೊಡುತ್ತಿದೆ ಎನ್ನಿ. ಘಾಟಿಯಲ್ಲಿ ಆ ಕೊರತೆ ನೂರಕ್ಕೆ ನಾಲ್ಕೈದರಷ್ಟು. ಯಾರ ಗಮನಕ್ಕೂ ಬಾರದು. ಐಡ್ಲಿಂಗ್‌ನಲ್ಲಿ ಅದೇ ಕೊರತೆ ಮೂರನೇ ಒಂದು ಭಾಗದಷ್ಟಾಗಿ ಸ್ಟೀರಿಂಗ್ ಕೈಯಲ್ಲೇ ನಡುಗುತ್ತದೆ. ಫ್ಲೈವೀಲ್‌ನಲ್ಲಿ ಸಂಗ್ರಹವಾಗುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 2,400 ಸುತ್ತಿನಲ್ಲಿರುವ ಶಕ್ತಿಯ ಒಂಬತ್ತನೇ ಒಂದು ಭಾಗ ಮಾತ್ರ 800ರಲ್ಲಿ ಇರುತ್ತದೆ. ಹಬ್ಬದ ದಿನ ಊರಿನಲ್ಲಿ ನಡೆಯುವ ನಿಧಾನ ಸೈಕಲ್ ಸ್ಪರ್ಧೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಜೋರಾಗಿ ತುಳಿಯುವಾಗ ಮರೆಯಾಗಿದ್ದ ಓಲಾಟವೆಲ್ಲ ನಿಧಾನಿಸಿದಾಗ ಹೊರಗೆ ಬರುತ್ತದೆ.

ಇನ್ನು ಗವರ್ನರ್. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಯಂತ್ರಕ್ಕೆ ಅಳವಡಿಸಿದ, ತಿರುಗುವ ಎರಡು ಗುಂಡುಗಳ ತತ್ವವೇ ಹಳೆಯ ಡೀಸೆಲ್ ಪಂಪಿನೊಳಗೂ ಕೆಲಸ ಮಾಡುತ್ತದೆ. ವೇಗ ಹೆಚ್ಚಾದರೆ ತೂಕದ ಬಿಲ್ಲೆಗಳು ಹೊರಕ್ಕೆ ಸರಿದು ಡೀಸೆಲ್ ತಗ್ಗಿಸುತ್ತವೆ. ಕಡಿಮೆಯಾದರೆ ಸ್ಪ್ರಿಂಗ್ ಅವನ್ನು ಒಳಕ್ಕೆ ತಳ್ಳಿ ಡೀಸೆಲ್ ಏರಿಸುತ್ತದೆ. 3,200 ಸುತ್ತಿನಲ್ಲಿ ಈ ಬಿಲ್ಲೆಗಳಿಗಿರುವ ಬಲದ ಹದಿನಾರನೇ ಒಂದು ಭಾಗ ಮಾತ್ರ 800ರಲ್ಲಿ ಉಳಿದಿರುತ್ತದೆ. ಅಷ್ಟು ಅಲ್ಪ ಬಲ ಡೀಸೆಲ್ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಕಂಟ್ರೋಲ್ ರ‍್ಯಾಕನ್ನು ಜರುಗಿಸಬೇಕಾದಾಗ ಒಂದಿಷ್ಟು ಜಿಡ್ಡು, ತುಕ್ಕು, ಸವೆತ ಇದ್ದರೂ ತಡೆಯಾಗುತ್ತದೆ.

ಯಾವ ಗಾಡಿ, ಯಾವ ಪಂಪ್

ಪರೀಕ್ಷೆಯ ದಾರಿಯನ್ನು ನಿರ್ಧರಿಸುವುದು ಬಾನೆಟ್ ಕೆಳಗಿರುವ ಪಂಪ್. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪಿನ ಸರಣಿ ತಯಾರಿಕೆ ಆರಂಭಿಸಿತು. ಪ್ರತಿ ಸಿಲಿಂಡರ್‌ಗೂ ಒಂದೊಂದು ಪ್ಲಂಜರ್ ಸಾಲಾಗಿ ನಿಂತಿರುವ ಇನ್‌ಲೈನ್ ಪಂಪ್ ಅದು. ಒಂದೇ ಪಂಪಿಂಗ್ ಭಾಗದಿಂದ ಎಲ್ಲ ಸಿಲಿಂಡರ್‌ಗೂ ಹಂಚುವ ರೋಟರಿ ಪಂಪ್ ಆಮೇಲಿನದು. ಭಾರತದಲ್ಲಿ ಈ ತಂತ್ರಜ್ಞಾನಕ್ಕೆ ನೆಲೆ ಕೊಟ್ಟ ಊರು ಬೆಂಗಳೂರು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್‌ಗಳನ್ನು ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳೆಯ ಮೆಕ್ಯಾನಿಕ್‌ಗಳಿಗೆ ಅದು ಇಂದಿಗೂ ಮೈಕೋ ಪಂಪೇ.

1988ರ ಟಾಟಾ ಮೊಬೈಲ್, ಅದರ ಸಾಲಿನಲ್ಲಿ ಬಂದ 207, ಮಹೀಂದ್ರದ ಹಳೆಯ ಡಿಐ ಪಿಕಪ್‌ಗಳು, 2005ರಲ್ಲಿ ಬಂದ ಟಾಟಾ ಏಸ್‌ನ ಮೊದಲ ತಲೆಮಾರು, ಇವೆಲ್ಲ ಮೆಕ್ಯಾನಿಕಲ್ ಪಂಪಿನ ಕಾಲದವು. ಎಲ್ಲ ಇಂಜೆಕ್ಟರ್‌ಗಳಿಗೂ ರೈಲ್ ಎಂಬ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಕೊಡುವ, ಕಾರುಗಳಿಗೆ 1997ರಲ್ಲಿ ಬಂದ ಕಾಮನ್ ರೈಲ್ ವ್ಯವಸ್ಥೆ ನಮ್ಮ ಪಿಕಪ್‌ಗಳಿಗೆ ಇಳಿದದ್ದು ನಿಧಾನವಾಗಿ, ಹೊಗೆ ನಿಯಮಗಳು ಬಿಗಿಯಾದಂತೆಲ್ಲ. ದೇಶಾದ್ಯಂತ ಬಿಎಸ್4 ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಹೀಗಾಗಿ ಇವತ್ತು ‘ಹಳೆಯ ಪಿಕಪ್’ ಎಂದರೆ ಸ್ಪ್ಯಾನರ್‌ಗೆ ಮಾತ್ರ ಬಗ್ಗುವ ಗಾಡಿಯೂ ಹೌದು, ಸ್ಕ್ಯಾನರ್ ಬೇಕೆನ್ನುವ ಗಾಡಿಯೂ ಹೌದು. ಎರಡಕ್ಕೂ ಒಂದೇ ಚಿಕಿತ್ಸೆ ನಡೆಯದು.

ಏಸ್‌ನ ವಿಷಯದಲ್ಲಿ ಒಂದು ವಿನಾಯಿತಿ ಕೊಡಬೇಕು. ಅದರ ಮೊದಲ 702 ಸಿಸಿ ಎಂಜಿನ್ ಇಂಡಿಕಾ ಕಾರಿನ 1.4 ಲೀಟರ್ ಎಂಜಿನ್ನನ್ನು ಅರ್ಧ ಮಾಡಿದಂಥದ್ದು. ಇರುವುದು ಎರಡೇ ಸಿಲಿಂಡರ್. ಹೊಸದಾಗಿದ್ದಾಗಲೂ ಅದು ಕುಲುಕುತ್ತಲೇ ನಿಲ್ಲುತ್ತಿತ್ತು. ನಾಲ್ಕು ಸಿಲಿಂಡರ್‌ನ ಗಾಡಿಯಿಂದ ಏಸ್‌ಗೆ ಬಂದ ಚಾಲಕ ಅದನ್ನು ರೋಗವೆಂದುಕೊಂಡು ಗ್ಯಾರೇಜು ಸುತ್ತುವುದುಂಟು.

ದೂರನ್ನು ಬಿಡಿಸಿ ಕೇಳುವುದು

‘ಐಡ್ಲಿಂಗ್ ಸರಿಯಿಲ್ಲ’ ಎಂಬ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ದೂರುಗಳಿವೆ. ವೇಗ ಸ್ಥಿರವಾಗಿದ್ದು ಗಾಡಿ ನಡುಗುವುದು ಒಂದು. ಒಂದು ಲಯದಲ್ಲಿ ವೇಗವೇ ಏರಿಳಿಯುವುದು, ಗ್ಯಾರೇಜಿನ ಮಾತಿನಲ್ಲಿ ಹಂಟಿಂಗ್, ಇನ್ನೊಂದು. ಆಕ್ಸಿಲರೇಟರ್ ಬಿಟ್ಟಾಗ ವೇಗ ಇಳಿಯುತ್ತಾ ಹೋಗಿ ಆಫ್ ಆಗುವುದು ಮೂರನೆಯದು. ಕಾಲು ತೆಗೆದರೂ ವೇಗ ಇಳಿಯದೆ ಮೇಲೆಯೇ ಕೂರುವುದು ನಾಲ್ಕನೆಯದು.

ಇದರ ಮೇಲೆ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಹೊಗೆಯ ಬಣ್ಣ ಏನು? ಎಂದಿನಿಂದ, ಮತ್ತು ಅದಕ್ಕೆ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದ್ದಿರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಎಷ್ಟೋ ಸಲ ಅಲ್ಲಿಗೇ ದಾರಿ ತೋರಿಸುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿದ ಮರುದಿನದಿಂದ ಎಂದರೆ ಗಾಳಿ ಸೇರಿದೆ. ಟೈಮಿಂಗ್ ಬೆಲ್ಟ್ ಹಾಕಿಸಿದಂದಿನಿಂದ ಎಂದರೆ ಪಂಪಿನ ಟೈಮಿಂಗ್ ಒಂದು ಹಲ್ಲು ತಪ್ಪಿರಬಹುದು.

ತಣ್ಣಗಿರುವಾಗ ನಡುಗಿ, ಬಿಳಿ ಹೊಗೆ ಬಿಟ್ಟು, ನಾಲ್ಕೈದು ನಿಮಿಷದಲ್ಲಿ ಸರಿಹೋದರೆ ಡೀಸೆಲ್ ಪೂರ್ತಿ ಉರಿಯುವಷ್ಟು ಶಾಖ ಸಿಗುತ್ತಿಲ್ಲವೆಂದು ಅರ್ಥ. ಗ್ಲೋ ಪ್ಲಗ್ ಇರುವ ಎಂಜಿನ್ನಿನಲ್ಲಿ ಮೊದಲು ಅದನ್ನೇ ನೋಡಬೇಕು. ಅದು ಸರಿಯಿದ್ದರೆ ಅನುಮಾನ ಕಂಪ್ರೆಷನ್ ಮೇಲೆ. ಇದಕ್ಕೆ ತಿರುಗುಮುರುಗಾಗಿ, ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಆಫ್ ಆಗುವ, ಮತ್ತೆ ಸೆಲ್ಫ್ ಹೊಡೆದರೆ ಎದ್ದೇಳದ ಗಾಡಿಯಲ್ಲಿ ರೋಟರಿ ಪಂಪಿನ ಹೆಡ್ ಸವೆದಿರುವ ಸಾಧ್ಯತೆ ದೊಡ್ಡದು. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ಸೋರಿಹೋಗುತ್ತದೆ. ಪಂಪಿನ ಹೆಡ್ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದ ಮೇಲೆ ಎಂಜಿನ್ ಹೊತ್ತಿಕೊಂಡರೆ ಅನುಮಾನ ಗಟ್ಟಿಯಾಗುತ್ತದೆ. ಕೆಲವರು ಅವಸರಕ್ಕೆ ಕೊಡದಲ್ಲಿ ತಣ್ಣೀರು ಸುರಿಯುತ್ತಾರೆ. ಕಾದ ಲೋಹ ಒಮ್ಮೆಲೇ ಕುಗ್ಗಿ ಪಂಪ್ ಜಾಮ್ ಆದರೆ ಆ ಪರೀಕ್ಷೆಯೇ ರಿಪೇರಿಗಿಂತ ದುಬಾರಿಯಾಗುತ್ತದೆ.

ನಾಲ್ಕನೆಯ ದೂರಿನಲ್ಲಿ ಎಚ್ಚರ ಬೇಕು. ವೇಗ ತಾನಾಗಿ ಏರುತ್ತಾ ಹೋಗಿ, ನೀಲಿ ಅಥವಾ ಬಿಳಿ ಹೊಗೆ ದಟ್ಟವಾಗಿ ಬಂದು, ಕೀ ತಿರುಗಿಸಿದರೂ ನಿಲ್ಲದಿದ್ದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡುತ್ತಿದೆ. ಆಗ ಪರೀಕ್ಷೆಯ ಮಾತಿಲ್ಲ. ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಬೇಕು. ಜನರನ್ನು ದೂರ ಸರಿಸಬೇಕು.

ಖರ್ಚಿಲ್ಲದ ಪರೀಕ್ಷೆಗಳು

ಬಿಚ್ಚುವ ಮುನ್ನ ನೋಡಬೇಕಾದವು ಹಲವಿವೆ. ಆಕ್ಸಿಲರೇಟರ್ ಕೇಬಲ್ ಒಳಗೆ ತುಕ್ಕು ಹಿಡಿದು ಅರ್ಧಕ್ಕೆ ನಿಲ್ಲುತ್ತಿದೆಯೇ, ಪಂಪಿನ ಲಿವರ್ ನಿಜಕ್ಕೂ ಸ್ಕ್ರೂವಿನ ತುದಿಗೆ ಬಂದು ತಾಗುತ್ತಿದೆಯೇ? ತಾಗದಿದ್ದರೆ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ? ಬ್ಯಾಟರಿ ಇಳಿದಿದ್ದರೆ ಆಲ್ಟರ್ನೇಟರ್ ಎಂಜಿನ್ ಮೇಲೆ ಭಾರ ಹಾಕುತ್ತದೆ. ಆ ಭಾರಕ್ಕೇ ವೇಗ ಕುಸಿಯುತ್ತಿದೆಯೇ?

ನಡುಕದ ವಿಷಯದಲ್ಲಿ ಮೊದಲು ಎಂಜಿನ್ ಮೌಂಟಿಂಗ್ ನೋಡಬೇಕು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಫೌಂಡೇಶನ್ ಎನ್ನುತ್ತಾರೆ. ರಬ್ಬರ್ ಹರಿದೋ, ಆಯಿಲ್ ಕುಡಿದು ಮೆತ್ತಗಾಗಿಯೋ ಲೋಹಕ್ಕೆ ಲೋಹ ತಾಗಿದ್ದರೆ ಆರೋಗ್ಯವಂತ ಎಂಜಿನ್ನೂ ಕ್ಯಾಬಿನ್ನನ್ನು ಅದುರಿಸುತ್ತದೆ. ಬಾನೆಟ್ ಎತ್ತಿ ಎಂಜಿನ್ ನೋಡಿ. ಸೈಲೆನ್ಸರ್ ತುದಿಯಲ್ಲಿ ಸದ್ದು ಕೇಳಿ. ಸೈಲೆನ್ಸರ್ ಸದ್ದು ಸಮನಾಗಿದ್ದು ಕ್ಯಾಬಿನ್ ಮಾತ್ರ ನಡುಗಿದರೆ ಫೌಂಡೇಶನ್ ಮೇಲೆಯೇ ಗುಮಾನಿ. ಕ್ಲಚ್ ಒತ್ತಿದೊಡನೆ ಸದ್ದು ಬದಲಾದರೆ ದೋಷ ಗೇರ್‌ಬಾಕ್ಸ್ ಕಡೆಗಿದೆ.

ಸದ್ದಿನಲ್ಲೇ ಒಂದು ಏಟು ತಪ್ಪುತ್ತಿದ್ದರೆ, ಅಂದರೆ ಮಿಸ್ಸಿಂಗ್ ಇದ್ದರೆ, ಕಥೆ ಬೇರೆ. 800 ಸುತ್ತಿನಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ನಿಮಿಷಕ್ಕೆ 400 ಸಲ, ಸೆಕೆಂಡಿಗೆ ಏಳರ ಆಸುಪಾಸು, ಎಂಜಿನ್ ಒಂದೇ ಕಡೆಗೆ ಓಲುತ್ತದೆ. ಈ ನಿಧಾನ ಓಲಾಟ ಕಣ್ಣಿಗೂ ಕಾಣುತ್ತದೆ, ಕಿವಿಗೂ ಸಿಗುತ್ತದೆ. ಇಲ್ಲಿಂದ ಮುಂದಕ್ಕೆ ಡೀಸೆಲ್‌ನ ದಾರಿ ಹಿಡಿಯಬೇಕು.

ಗಾಳಿ ಹಿಡಿದ ಡೀಸೆಲ್

ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಹಂಟಿಂಗ್‌ಗೂ ಆಫ್ ಆಗುವುದಕ್ಕೂ ಬಹಳ ಸಲ ಸಿಗುವ ಕಾರಣ ಗಾಳಿ. ಪತ್ತೆಹಚ್ಚಲು ಕಷ್ಟ ಕೊಡುವುದೂ ಅದೇ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪ್ ಡೀಸೆಲನ್ನು ಎಳೆದುಕೊಳ್ಳುವ ಭಾಗ; ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆ ಭಾಗದಲ್ಲಿ ಸಂದು ಬಿಟ್ಟರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಎಣ್ಣೆಯ ಕಲೆ ಇಲ್ಲವೆಂದು ಸೋರಿಕೆ ಇಲ್ಲ ಎನ್ನಲಾಗದು. ಬಿರುಕುಬಿಟ್ಟ ರಬ್ಬರ್ ಪೈಪ್, ಮತ್ತೆ ಮತ್ತೆ ಬಳಸಿದ ಕಾಪರ್ ವಾಷರ್, ಫಿಲ್ಟರ್ ಬಟ್ಟಲಿನ ಹಳೆಯ ಓ-ರಿಂಗ್, ಟ್ಯಾಂಕಿನೊಳಗೆ ತುಕ್ಕು ತಿಂದ ಹೀರುಕೊಳವೆ ಇವು ಮಾಮೂಲು ಜಾಗಗಳು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ತೊಂದರೆ ಕಾಣಿಸಿಕೊಂಡರೆ ಹೀರುಕೊಳವೆಯಲ್ಲಿ ರಂಧ್ರ ಬಿದ್ದಿರುವ ಸಾಧ್ಯತೆ ಹೆಚ್ಚು.

ಪರೀಕ್ಷೆ ಸರಳ. ಪಂಪಿನ ಒಳದಾರಿಯ ರಬ್ಬರ್ ಪೈಪ್ ತೆಗೆದು, ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ಗೇಣುದ್ದದ ತುಂಡು ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿದು ಎಂಜಿನ್ ಓಡಿಸಬೇಕು. ಮೊದಲ ಕ್ಷಣಗಳಲ್ಲಿ ಗುಳ್ಳೆ ಬಂದೇ ಬರುತ್ತದೆ. ಆಮೇಲೆ ಹೊಂಬಣ್ಣದ ಡೀಸೆಲ್ ಗಾಜಿನಂತೆ ನಿಚ್ಚಳವಾಗಿ ಹರಿಯಬೇಕು. ಒಂದೆರಡು ನಿಮಿಷವಾದರೂ ಸಣ್ಣ ಗುಳ್ಳೆಗಳ ಸಾಲು ನಿಲ್ಲದಿದ್ದರೆ, ಗುಳ್ಳೆಯ ಗುಂಪು ಹಾದುಹೋದಾಗಲೆಲ್ಲ ವೇಗ ಕುಸಿದು ಮತ್ತೆ ಏರಿದರೆ, ಇನ್ನು ನಾಜಲ್ ಬಿಚ್ಚುವ ಅಗತ್ಯವಿಲ್ಲ. ಮುಂದಿನ ಹೆಜ್ಜೆ ಕ್ಯಾನ್ ಕಟ್ಟುವುದು. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರ ಕಟ್ಟಿ, ಟ್ಯಾಂಕಿನ ಪೈಪ್ ಬದಲು ಅದರಿಂದ ಕೊಟ್ಟು ಓಡಿಸುವುದು. ಐಡ್ಲಿಂಗ್ ಸರಿಹೋದರೆ ದೋಷ ಟ್ಯಾಂಕ್ ಮತ್ತು ಪೈಪಿನಲ್ಲಿ. ಸರಿಹೋಗದಿದ್ದರೆ ಪಂಪ್ ಮತ್ತು ನಾಜಲ್ ಕಡೆ. ಇಷ್ಟರಲ್ಲೇ ಅರ್ಧ ಗಾಡಿ ಅನುಮಾನದ ಪಟ್ಟಿಯಿಂದ ಹೊರಬಿತ್ತು.

ಗಾಳಿಯ ಜೊತೆಗೆ ನೀರು, ಕಲಬೆರಕೆ. ಮಳೆಗಾಲದಲ್ಲಿ ಫಿಲ್ಟರ್ ತಳದ ನೀರಿನ ಸ್ಕ್ರೂ ಬಿಚ್ಚಿ ಹರಿಸದವರ ಗಾಡಿಯಲ್ಲಿ ನೀರು ಪಂಪ್‌ವರೆಗೆ ತಲುಪಿ ತುಕ್ಕಾಗುತ್ತದೆ. ಸೀಮೆಎಣ್ಣೆ ಬೆರೆತ ಡೀಸೆಲ್‌ಗೆ ಜಾರುವ ಗುಣ ಕಡಿಮೆ. ಇನ್‌ಲೈನ್ ಪಂಪಿನ ಕ್ಯಾಮ್ ಭಾಗಕ್ಕಾದರೂ ಎಂಜಿನ್ ಆಯಿಲ್‌ನ ಆಸರೆಯಿದೆ. ರೋಟರಿ ಪಂಪ್‌ಗೆ ಡೀಸೆಲ್ಲೇ ಆಯಿಲ್. ಆದ್ದರಿಂದ ಕಲಬೆರಕೆಯ ಪೆಟ್ಟು ಅದಕ್ಕೆ ಜೋರು.

ಒಂದೊಂದೇ ಸಿಲಿಂಡರ್ ಕಡಿದು ನೋಡುವುದು

ಗಾಳಿ ಇಲ್ಲವೆಂದು ಖಾತ್ರಿಯಾದ ಮೇಲೆ, ಯಾವ ಸಿಲಿಂಡರ್ ಸೋಮಾರಿ ಎಂದು ತಿಳಿಯಬೇಕು. ಮೆಕ್ಯಾನಿಕಲ್ ಪಂಪಿನ ಎಂಜಿನ್ನಿನಲ್ಲಿ ಇದಕ್ಕೆ ಹಿಂದಿನಿಂದ ಬಂದ ವಿಧಾನವಿದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ನಾಜಲ್‌ಗೆ ಹೋಗುವ ಪೈಪಿನ ಯೂನಿಯನ್ ನಟ್ಟನ್ನು, ಮೇಲೆ ಬಟ್ಟೆ ಹೊದಿಸಿ, ಕಾಲು ಸುತ್ತು ಸಡಿಲಿಸುವುದು. ಆ ಸಿಲಿಂಡರ್‌ಗೆ ಡೀಸೆಲ್ ನಿಲ್ಲುತ್ತದೆ. ಚೆನ್ನಾಗಿ ದುಡಿಯುತ್ತಿದ್ದ ಸಿಲಿಂಡರ್ ಆಗಿದ್ದರೆ ವೇಗ ತಟ್ಟನೆ ಕುಸಿದು ನಡುಕ ಹೆಚ್ಚುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದಿನಲ್ಲಿ ಹೆಚ್ಚಿನ ವ್ಯತ್ಯಾಸವೇ ಆಗುವುದಿಲ್ಲವೋ ಅದೇ ಅಪರಾಧಿ. ಕೈಗವಸು, ಕನ್ನಡಕ ಬೇಕು. ಈ ಪೈಪುಗಳಲ್ಲಿನ ಒತ್ತಡ ನೂರು ಬಾರ್‌ಗೂ ಮೇಲೆ. ಚಿಮ್ಮುವ ಡೀಸೆಲ್ ಚರ್ಮದೊಳಕ್ಕೆ ಹೊಕ್ಕರೆ ಹೊರಗೆ ಸೂಜಿಚುಚ್ಚಿನಷ್ಟು ಕಂಡರೂ ತುರ್ತು ಶಸ್ತ್ರಚಿಕಿತ್ಸೆ ಬೇಕಾದೀತು.

ಅಪರಾಧಿ ಸಿಲಿಂಡರ್ ಸಿಕ್ಕಿದ ಕೂಡಲೇ ನಾಜಲ್ ಕೊಳ್ಳಲು ಹೊರಡಬಾರದು. ಆ ನಾಜಲ್ ಅನ್ನು ಪಕ್ಕದ ಸಿಲಿಂಡರ್‌ನದರೊಂದಿಗೆ ಅದಲುಬದಲು ಮಾಡಿ ಮತ್ತೆ ಅದೇ ಪರೀಕ್ಷೆ ಮಾಡಬೇಕು. ದೋಷ ನಾಜಲ್ ಜೊತೆ ಹೊಸ ಜಾಗಕ್ಕೆ ಹೋದರೆ ನಾಜಲ್ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಆ ಸಿಲಿಂಡರ್‌ನ ಕಂಪ್ರೆಷನ್ನೋ ಪಂಪಿನ ಆ ಪ್ಲಂಜರೋ ಕೆಟ್ಟಿದೆ. ನಾಜಲ್ ಅಂಗಡಿಯ ಕೈಪಂಪಿನ ಟೆಸ್ಟರ್‌ನಲ್ಲಿ ಉಳಿದದ್ದು ತಿಳಿಯುತ್ತದೆ. ಡೀಸೆಲ್ ನೇರವಾಗಿ ಸಿಲಿಂಡರ್‌ಗೆ ಚಿಮ್ಮುವ ಡಿಐ ಎಂಜಿನ್ನಿನ ನಾಜಲ್ ಸಾಮಾನ್ಯವಾಗಿ 180ರಿಂದ 250 ಬಾರ್‌ಗೆ, ಪಕ್ಕದ ಪುಟ್ಟ ಕೋಣೆಗೆ ಚಿಮ್ಮುವ ಹಳೆಯ ಐಡಿಐ ಎಂಜಿನ್ನಿನದು ಅದಕ್ಕಿಂತ ಕಡಿಮೆಗೆ ತೆರೆದುಕೊಂಡು, ಮಂಜಿನಂತೆ ಸಿಂಪಡಿಸಿ, ಥಟ್ಟನೆ ಮುಚ್ಚಬೇಕು. ಮುಚ್ಚಿದ ಮೇಲೂ ತುದಿಯಲ್ಲಿ ಹನಿ ನಿಂತರೆ ಆ ನಾಜಲ್ ಐಡ್ಲಿಂಗ್‌ಗೆ ಲಾಯಕ್ಕಿಲ್ಲ. ಹನಿಯ ಏಳನೇ ಭಾಗದ ಲೆಕ್ಕದಲ್ಲಿ ಒಂದು ಹನಿ ಹೆಚ್ಚಾಗಿ ಬಿದ್ದರೆ ಏನಾದೀತು!

ಕಂಪ್ರೆಷನ್ ಕಡೆ ಬೆರಳು ತೋರಿದರೂ ಮೊದಲು ಅಗ್ಗದ್ದನ್ನೇ ನೋಡಬೇಕು. ಟ್ಯಾಪೆಟ್ ಸಂದು ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಸಿಲಿಂಡರ್ ಸೋರುತ್ತದೆ. ಫೀಲರ್ ಗೇಜ್ ಇದ್ದರೆ ಒಂದು ಬೆಳಿಗ್ಗೆಯ ಕೆಲಸ. ಅದಾದ ಮೇಲೆ ಆಯಿಲ್ ಮುಚ್ಚಳ ತೆಗೆದು ನೋಡುವುದು. ಹೊಗೆ ಉಗಿಯಂತೆ ಬಡಿದು ಬರುತ್ತಿದ್ದರೆ ರಿಂಗ್ ಸವೆದಿದೆ. ಕೊನೆಗೆ ಗೇಜ್ ಹಾಕಿ ಅಳತೆ. ಇಲ್ಲಿ ಒಟ್ಟು ಸಂಖ್ಯೆಗಿಂತ ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕೂ ಸಮನಾಗಿ ಸವೆದ ಎಂಜಿನ್ ಶಕ್ತಿ ಕಳೆದುಕೊಂಡರೂ ಸಮನಾಗಿ ನಿಲ್ಲುತ್ತದೆ. ಮೂರು ಗಟ್ಟಿಯಿದ್ದು ಒಂದು ಸೋತದ್ದೇ ನಡುಗುವುದು.

ಪಂಪ್ ಬಿಚ್ಚುವ ಹೊತ್ತು

ಗಾಳಿ, ನಾಜಲ್, ಕಂಪ್ರೆಷನ್ ಮೂರೂ ಸರಿಯಿದ್ದು ಹಂಟಿಂಗ್ ಉಳಿದರೆ ಆಗ ಪಂಪ್. ಗವರ್ನರ್ ಪಿನ್ನುಗಳ ಸವೆತ, ಜಿಡ್ಡುಗಟ್ಟಿದ ರ‍್ಯಾಕ್, ಸೋತ ಐಡ್ಲಿಂಗ್ ಸ್ಪ್ರಿಂಗ್, ಇವೆಲ್ಲ ಗವರ್ನರ್‌ನ ಉತ್ತರವನ್ನು ತಡಮಾಡಿಸುತ್ತವೆ. ವೇಗ ಇಳಿದದ್ದು ತಿಳಿದು ಡೀಸೆಲ್ ಏರಿಸುವಷ್ಟರಲ್ಲಿ ತಡವಾಗಿ ಹೆಚ್ಚಾಗಿಬಿಡುತ್ತದೆ. ಅದನ್ನು ತಗ್ಗಿಸುವಾಗಲೂ ತಡ. ಏರಿಳಿತದ ಲಯ ಹುಟ್ಟುವುದು ಹೀಗೆ.

ಇದು ಬಾನೆಟ್ ಕೆಳಗೆ ಮುಗಿಯುವ ಕೆಲಸವಲ್ಲ. ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಕೂರಿಸಿ, ಗೊತ್ತಾದ ವೇಗದಲ್ಲಿ ತಿರುಗಿಸಿ, ಪ್ರತಿ ಸಿಲಿಂಡರ್‌ಗೆ ಬೀಳುವ ಡೀಸೆಲನ್ನು ಅಳತೆಯ ಗಾಜಿನ ಕೊಳವೆಗಳಲ್ಲಿ ಹಿಡಿದು ಸಮ ಮಾಡಬೇಕು. ಕ್ಯಾಲಿಬ್ರೇಷನ್‌ಗೆ ಕೊಟ್ಟಾಗ ಕೇಳಬೇಕಾದದ್ದೊಂದಿದೆ: ಫುಲ್ ಲೋಡ್ ಅಳತೆಯೊಂದಿಗೆ ಐಡ್ಲಿಂಗ್ ವೇಗದ ಅಳತೆಯನ್ನೂ ಸಮ ಮಾಡಿದ್ದೀರಾ ಎಂದು. ಶಕ್ತಿಯ ದೂರಿಗೆ ಮೊದಲನೆಯದು ಸಾಕು, ನಡುಕದ ದೂರಿಗೆ ಎರಡನೆಯದಿಲ್ಲದೆ ನಡೆಯದು. ಪಂಪ್ ಮತ್ತೆ ಕೂರಿಸುವಾಗ ಟೈಮಿಂಗ್ ಗುರುತು ಹೊಂದಿಸದಿದ್ದರೆ ಮಾಡಿದ್ದೆಲ್ಲ ನೀರುಪಾಲು.

ಕಾಮನ್ ರೈಲ್ ಬೇರೆಯದೇ ಜಾತಿ

ಕಾಮನ್ ರೈಲ್ ಪಿಕಪ್‌ಗಳಲ್ಲಿ ತಿರುಗಿಸಲು ಐಡ್ಲಿಂಗ್ ಸ್ಕ್ರೂವೇ ಇಲ್ಲ. ವೇಗವನ್ನು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ನೋಡಿಕೊಳ್ಳುತ್ತದೆ. ಯೂನಿಯನ್ ನಟ್ ಸಡಿಲಿಸುವ ಹಳೆಯ ವಿಧಾನ ಇಲ್ಲಿ ಸರ್ವಥಾ ಕೂಡದು. ಐಡ್ಲಿಂಗ್‌ನಲ್ಲೇ ರೈಲ್ ಒತ್ತಡ 250–300 ಬಾರ್ ಸುತ್ತಮುತ್ತ ಇರುತ್ತದೆ, ಲೋಡ್‌ನಲ್ಲಿ ಸಾವಿರ ಬಾರ್ ದಾಟುತ್ತದೆ. ಆ ಕೆಲಸವನ್ನು ಸ್ಕ್ಯಾನರ್ ಮಾಡಿಕೊಡುತ್ತದೆ. ಕ್ರ್ಯಾಂಕ್ ಸೆನ್ಸರ್ ಮೂಲಕ ಪ್ರತಿ ಸಿಲಿಂಡರ್ ಉರಿದಾಗ ವೇಗ ಎಷ್ಟು ಏರಿತೆಂದು ಇಸಿಯು ಅಳೆದು, ಸೋತದ್ದಕ್ಕೆ ಸ್ವಲ್ಪ ಹೆಚ್ಚು, ಜೋರಾಗಿರುವುದಕ್ಕೆ ಸ್ವಲ್ಪ ಕಡಿಮೆ ಡೀಸೆಲ್ ಕೊಟ್ಟು ಸಮತೋಲನ ಮಾಡುತ್ತಿರುತ್ತದೆ. ಆ ತಿದ್ದುಪಡಿಯ ಅಂಕಿಗಳು ಸ್ಕ್ಯಾನರ್ ಪರದೆಯಲ್ಲಿ ಕಾಣುತ್ತವೆ. ಮೂರು ಸಿಲಿಂಡರ್‌ನದು ಸೊನ್ನೆಯ ಆಸುಪಾಸಿನಲ್ಲಿದ್ದು ಒಂದರದು ಬಹಳ ಮೇಲಿದ್ದರೆ ಗುರುತು ಸಿಕ್ಕಿತು.

ಸ್ಕ್ಯಾನರ್ ಸಿಲಿಂಡರ್ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಇಂಜೆಕ್ಟರ್ ಒಳಗೆ ಸೋರುತ್ತಿದೆಯೇ ಎಂದು ತಿಳಿಯಲು ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪನ್ನು ಒಂದೇ ಅಳತೆಯ ನಾಲ್ಕು ಬಾಟಲಿಗೆ ಬಿಟ್ಟು ಕೆಲ ನಿಮಿಷ ಓಡಿಸುತ್ತಾರೆ. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಹೊಸ ಇಂಜೆಕ್ಟರ್ ಹಾಕಿದಾಗ ಅದರ ಮೇಲೆ ಮುದ್ರಿಸಿದ ಕೋಡನ್ನು ಇಸಿಯುಗೆ ದಾಖಲಿಸಬೇಕಾದ ಎಂಜಿನ್‌ಗಳಿವೆ. ಅದನ್ನು ಮರೆತರೆ ಹೊಸ ಇಂಜೆಕ್ಟರ್‌ನಿಂದಲೇ ಹೊಸ ನಡುಕ ಶುರುವಾಗುತ್ತದೆ.

ಹಂಟಿಂಗ್ ಇದ್ದರೆ ರೈಲ್ ಒತ್ತಡದ ಬೇಕಾದ ಅಂಕಿ ಮತ್ತು ಇರುವ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅವು ಒಂದನ್ನೊಂದು ಬಿಟ್ಟು ಓಲಾಡಿದರೆ ಡೀಸೆಲ್ ಫಿಲ್ಟರ್, ಆಮೇಲೆ ಪಂಪಿನ ಮೀಟರಿಂಗ್ ವಾಲ್ವ್. ಕರಿ ಹೊಗೆಯೊಂದಿಗೆ ನಡುಗಿದರೆ, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದಿರಬಹುದು. ಅದನ್ನು ಬಿಚ್ಚಿ ತೊಳೆಯುವುದು ರಿಪೇರಿ. ತಗಡು ಹಾಕಿ ಶಾಶ್ವತವಾಗಿ ಮುಚ್ಚುವುದು ಹೊಗೆ ನಿಯಮದ ಉಲ್ಲಂಘನೆ. ಪೆಡಲ್ ಒತ್ತಿದರೂ ಸ್ಪಂದಿಸದೆ ವೇಗ ಮಾಮೂಲಿಗಿಂತ ಮೇಲೆ ನಿಂತರೆ ಆಕ್ಸಿಲರೇಟರ್ ಸೆನ್ಸರ್‌ನ ಎರಡು ಸಂಕೇತಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಗಾಡಿ ಮನೆ ಸೇರಲೆಂದು ಇಸಿಯು ಆ ವೇಗ ಹಿಡಿದುಕೊಟ್ಟಿರುತ್ತದೆ. ಎಷ್ಟೋ ಸಲ ಸೆನ್ಸರ್ ಕೆಟ್ಟಿರುವುದಿಲ್ಲ, ಅದರ ಕನೆಕ್ಟರ್ ಹಸಿರುಗಟ್ಟಿರುತ್ತದೆ ಇಲ್ಲವೇ ಅರ್ತ್ ವೈರ್ ಸಡಿಲವಾಗಿರುತ್ತದೆ.

ಪೆಟ್ರೋಲ್ ಗಾಡಿಯ ಸಲಹೆ ಇಲ್ಲಿ ಹೊಂದದು

ಪಿಕಪ್ ಐಡ್ಲಿಂಗ್ ಬಗ್ಗೆ ಸಿಗುವ ವಿಡಿಯೊ ಸಲಹೆಗಳಲ್ಲಿ ಅನೇಕವು ಅಮೆರಿಕದವು. ಅಲ್ಲಿ ಹಳೆಯ ಪಿಕಪ್ ಎಂದರೆ ಹೆಚ್ಚಾಗಿ ದೊಡ್ಡ ಪೆಟ್ರೋಲ್ ಎಂಜಿನ್. ಅದರಲ್ಲಿ ಐಡ್ಲಿಂಗ್‌ಗೆ ಗಾಳಿಯನ್ನು ಹತೋಟಿಯಲ್ಲಿಡುತ್ತಾರೆ. ಥ್ರಾಟಲ್ ಮುಚ್ಚಿದಾಗ ಸಣ್ಣ ವಾಲ್ವ್ ಒಂದು ಪಕ್ಕದ ದಾರಿಯಿಂದ ಗಾಳಿ ಬಿಡುತ್ತದೆ. ಅದು ಮಸಿ ಕಟ್ಟುವುದು, ಮ್ಯಾನಿಫೋಲ್ಡ್‌ನ ರಬ್ಬರ್ ಪೈಪ್ ಬಿರಿದು ಹೆಚ್ಚಿನ ಗಾಳಿ ಸೇರುವುದು ಅಲ್ಲಿನ ಮುಖ್ಯ ಕಾಯಿಲೆಗಳು. ನಮ್ಮ ಹಳೆಯ ಮೆಕ್ಯಾನಿಕಲ್ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಥ್ರಾಟಲೇ ಇಲ್ಲ. ಗಾಳಿ ಸದಾ ಪೂರ್ತಿ ಬರುತ್ತದೆ, ಹತೋಟಿಯೆಲ್ಲ ಡೀಸೆಲ್ ಮೇಲೆ. ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ ಕೂಡ ಪ್ರತ್ಯೇಕ ಪಂಪಿನಿಂದ, ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗಿರುವುದರಿಂದ, ಬರುತ್ತದೆ. ಡೀಸೆಲ್ ಪಿಕಪ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸೋರಿಕೆ ಹುಡುಕುವವನು ಇಲ್ಲದ ದಾರಿಯಲ್ಲಿ ಹುಡುಕುತ್ತಿರುತ್ತಾನೆ. ಪೆಟ್ರೋಲ್ ಅಥವಾ ಸಿಎನ್‌ಜಿ ಏಸ್ ಇಟ್ಟುಕೊಂಡವರಿಗೆ ಮಾತ್ರ ಆ ಸಲಹೆ ಉಪಯೋಗಕ್ಕೆ ಬಂದೀತು.

ಸ್ಕ್ರೂವಿನ ಸರದಿ

ಹಾಗಾದರೆ ಐಡ್ಲಿಂಗ್ ಸ್ಕ್ರೂ ಇರುವುದೇಕೆ? ಅದಕ್ಕೂ ಸರದಿಯಿದೆ, ಕೊನೆಯ ಸರದಿ. ಪಂಪ್ ಕ್ಯಾಲಿಬ್ರೇಷನ್ ಆದ ಮೇಲೆ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಮತ್ತು ಲೈಟುಗಳನ್ನು ಆರಿಸಿ, ಟ್ಯಾಕೋಮೀಟರ್ ಇಟ್ಟು ಕಂಪನಿಯ ಪುಸ್ತಕದಲ್ಲಿರುವ ಅಂಕಿಗೆ ಹೊಂದಿಸಬೇಕು. ಕಿವಿಯ ಅಂದಾಜು ಸಾಲದು. ಫುಲ್ ಲೋಡ್ ಸ್ಕ್ರೂವನ್ನು ಮುಟ್ಟಲೇಬಾರದು. ಹಳೆಯ ಪಂಪುಗಳ ಮೇಲೆ ಅವೆರಡೂ ಹತ್ತಿರದಲ್ಲೇ ಇದ್ದು ಅವಸರದಲ್ಲಿ ಅದಲುಬದಲಾಗುವುದುಂಟು.

ಇನ್ನೊಂದು ಸಂದರ್ಭವೂ ಇದೆ. ಎಲ್ಲ ಪರೀಕ್ಷೆ ಮುಗಿದು, ಒಂದು ಸಿಲಿಂಡರ್‌ನ ಕಂಪ್ರೆಷನ್ ಇಳಿದಿರುವುದು ಅಳತೆಯಿಂದ ಗೊತ್ತಾಗಿ, ಎಂಜಿನ್ ಬೋರ್ ಮಾಡಿಸುವ ಖರ್ಚಿಗೆ ಗಾಡಿಯ ಬೆಲೆಯೇ ಸಾಲದು ಎನ್ನುವ ಹಂತ. ಇನ್ನೊಂದು ವರ್ಷ ತರಕಾರಿ ಮಂಡಿಗೆ ಓಡಿಸಿ ಗುಜರಿಗೆ ಹಾಕುವ ಲೆಕ್ಕ ಮಾಲೀಕರದು. ಆಗ ಐಡ್ಲಿಂಗ್ ವೇಗವನ್ನು ನಿಮಿಷಕ್ಕೆ 50 ಸುತ್ತು ಏರಿಸಿಕೊಡುವುದರಲ್ಲಿ ತಪ್ಪಿಲ್ಲ. ಮೊದಲ ಗ್ಯಾರೇಜಿನಲ್ಲಿ ತಿರುಗಿಸಿದ ಅರ್ಧ ಸುತ್ತಿಗೂ ಇದಕ್ಕೂ ಮೇಲ್ನೋಟಕ್ಕೆ ಭೇದವಿಲ್ಲ. ಆದರೆ ಅಲ್ಲಿ ಏನು ಕೆಟ್ಟಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಮಾಲೀಕರಿಗೂ ಗೊತ್ತು, ಮೆಕ್ಯಾನಿಕ್‌ಗೂ ಗೊತ್ತು. ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಯಾವ ಸಿಲಿಂಡರ್, ಎಷ್ಟು ಕಂಪ್ರೆಷನ್, ಎಷ್ಟು ಸುತ್ತಿಗೆ ಏರಿಸಲಾಯಿತು ಎಂದು ಒಂದು ಸಾಲು ಬರೆದಿಟ್ಟರೆ, ಮುಂದೆ ಅದನ್ನು ನೋಡುವ ಮೆಕ್ಯಾನಿಕ್ ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ.